ಏಳನೇ ಮಷೀನಿನ ಸೋಮವಾರ

ಮಷೀನಿಗೆ ವಾರದ ರಜೆ ಕೊಡುವವರನ್ನು ನಾನು ಅದಕ್ಕೆ ಮೊದಲು ಎಲ್ಲೂ ನೋಡಿರಲಿಲ್ಲ. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ರಸ್ತೆಯ ಬದಿಗಿದ್ದ ಆ ಹತ್ತಿ ಗಿರಣಿಗೆ ಸೂಪರ್‌ವೈಸರ್ ಆಗಿ ಸೇರಿದ ಮೊದಲ ದಿನ, ಹನ್ನೆರಡು ಮಷೀನುಗಳ ಸಾಲಿನಲ್ಲಿ ಎರಡು ಸುಮ್ಮನೆ ನಿಂತಿದ್ದವು. ಕೆಟ್ಟಿವೆಯೇ ಎಂದು ಕೇಳಿದೆ. ಇಲ್ಲ ಅಂದರು ಮಷೀನು ನೋಡಿಕೊಳ್ಳುವ ಮಿಸ್ತ್ರಿ. ಬೆಲ್ಟ್ ಹರಿದಿದೆಯೇ, ಕರೆಂಟ್ ಸಾಲದೇ, ಆಳು ಬಂದಿಲ್ಲವೇ? ಎಲ್ಲವೂ ಸರಿ ಇತ್ತು. ಮತ್ತೇಕೆ ನಿಂತಿವೆ ಎಂದು ನಾನು ದನಿ ಏರಿಸಿದ ಮೇಲೆ ಅವರು ಹೆಗಲ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದರು.

"ಇವತ್ತ ಇವೆರಡರ ಸೋಮವಾರ ಐತ್ರಿ, ಅಕ್ಕಾರ."

ಅವತ್ತು ಬುಧವಾರ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ನಾನೂ ಚಿಕ್ಕೇರೂರಿನ ಒಕ್ಕಲುತನದ ಮನೆಯವಳೇ, ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕಬ್ಬಿಣಕ್ಕೂ ಸೋಮವಾರ ಉಂಟು ಎಂಬುದು ಹೊಸದು. ಎಲ್ಲ ಮಷೀನುಗಳನ್ನೂ ಸೋಮವಾರವೇ ನಿಲ್ಲಿಸಿದರೆ ಗಿರಣಿಯ ಮಾಲೀಕರಾದ ಸಾವಕಾರರು ಕೇಳುವುದಿಲ್ಲ ಎಂದು ಮಿಸ್ತ್ರಿ ಸೋಮವಾರವನ್ನೇ ಹಂಚಿಬಿಟ್ಟಿದ್ದರು. ದಿನಕ್ಕೆ ಎರಡರಂತೆ ಆರು ದಿನಕ್ಕೆ ಹನ್ನೆರಡು. ಯಾವುದರ ಸೋಮವಾರವೋ ಅದರ ಮೈಮೇಲೆ ಸೀಮೆಸುಣ್ಣದಲ್ಲಿ 'ಸೋ' ಎಂದು ಬರೆಯುತ್ತಿದ್ದರು. ಹೇಗೂ ಭಾನುವಾರ ಗಿರಣಿ ಬಂದ್ ಇರುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, ಐತವಾರ ಮಂದಿಯ ಸೂಟಿ, ಮಷೀನಿನದಲ್ಲ ಎಂಬ ಉತ್ತರ ಬಂತು. ತಮಾಷೆಗೆ ಹೇಳುತ್ತಿದ್ದಾರೇನೋ ಎಂದು ಮುಖ ನೋಡಿದೆ. ಹಣೆಯ ಮೇಲೆ ಮೂರು ಎಳೆ ವಿಭೂತಿ, ಅದರ ಕೆಳಗೆ ನಗುವಿನ ಗುರುತೇ ಇರಲಿಲ್ಲ.

ಮಿಸ್ತ್ರಿ ಹಾನಗಲ್ ತಾಲೂಕಿನ ಆಡೂರಿನವರು. ಅರವತ್ತು ದಾಟಿದ್ದರು. ಹತ್ತಿಯ ಸೀಜನ್ ಮುಗಿಯುವವರೆಗೆ ಗಿರಣಿಯ ಹಿಂದಿನ ಕೋಣೆಯಲ್ಲಿ ಉಳಿದು, ವಾರಕ್ಕೊಮ್ಮೆ ಊರಿಗೆ ಹೋಗಿ ರೊಟ್ಟಿಯ ಗಂಟು ತರುತ್ತಿದ್ದರು. ಅವರು ಹೇಳಿದಂತೆ ಮಷೀನು ನಡೆಯುತ್ತಿತ್ತು, ಅವರು ಹೇಳಿದಂತೆ ಹೆಣ್ಣುಮಕ್ಕಳೂ ನಡೆಯುತ್ತಿದ್ದರು. ಪ್ರತಿ ಮಷೀನಿಗೆ ಒಬ್ಬ ಹೆಣ್ಣುಮಗಳು ಎದುರು ನಿಂತು ಕೈಯಿಂದ ಹತ್ತಿ ಉಣಿಸಬೇಕು. ತೊಗಲು ಸುತ್ತಿದ ರೋಲರು ಹತ್ತಿಯನ್ನು ಎಳೆದುಕೊಳ್ಳುತ್ತದೆ, ಕಬ್ಬಿಣದ ಪಟ್ಟಿ ಬಡಿದು ಬಡಿದು ಕಾಳನ್ನು ಬೇರೆ ಮಾಡುತ್ತದೆ, ಅರಳೆ ಆಚೆ ಬೀಳುತ್ತದೆ. ಎಂಟು ತಾಸು ಅದೇ ಕೆಲಸ, ಅದೇ ಸದ್ದು. ಕಿವಿಯಲ್ಲಿ ಅದು ಮನೆಗೆ ಹೋದಮೇಲೂ ಇರುತ್ತಿತ್ತು.

ನಾನು ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಂದು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದವಳು. ಅಲ್ಲಿ ಮಷೀನು ಐದು ನಿಮಿಷ ನಿಂತರೆ ಯಾಕೆ ಎಂದು ಬರೆದುಕೊಡಬೇಕಿತ್ತು. ನಿಂತ ಮಷೀನು ಕಂಡರೆ ನನ್ನ ಮೈ ಉರಿಯುವುದು ಅಲ್ಲಿಂದ ಕಲಿತ ಚಟ. ಸಾವಕಾರರು ನನ್ನನ್ನು ಕರೆಸಿಕೊಂಡದ್ದೂ ಅದಕ್ಕೇ. ಸವಣೂರಿನ, ಹಿರೇಕೆರೂರಿನ ಹತ್ತಿ ಟ್ರ್ಯಾಕ್ಟರುಗಳು ನಮ್ಮ ಗೇಟಿನ ಮುಂದೆಯೇ ಹಾದು ಬೇರೆ ಗಿರಣಿಗೆ ಹೋಗುತ್ತಿದ್ದವು. ನಮ್ಮಲ್ಲಿ ತಂದರೆ ಎರಡು ದಿನ ಕಾಯಬೇಕು ಎಂಬುದು ರೈತರ ದೂರು. ಉತ್ಪಾದನೆ ಏರಿದರೆ ಗಿರಣಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚಿ ಗೋದಾಮು ಮಾಡುತ್ತೇನೆ ಎಂದು ಅವರು ನೇರವಾಗಿಯೇ ಹೇಳಿದ್ದರು. ಒಂದು ಸೀಜನ್ ನೋಡುತ್ತೇನೆ ಅಂದಿದ್ದರು. ಆ ಒಂದು ಸೀಜನ್ ಗಿರಣಿಗೋ ನನಗೋ ಎಂದು ಬಿಡಿಸಿ ಹೇಳಲಿಲ್ಲ. ಆ ರಸ್ತೆಯ ಗಿರಣಿಗಳಲ್ಲಿ ಮಷೀನುಗಳ ಮೇಲೆ ಹೆಂಗಸು ಸೂಪರ್‌ವೈಸರ್ ಆಗಿ ಕೂತದ್ದು ನಾನೊಬ್ಬಳೇ. ತೂಕದ ಕಟ್ಟೆಯ ಹತ್ತಿರ ಗಂಡಸರು ನನ್ನನ್ನು ನೋಡಿ ದನಿ ತಗ್ಗಿಸುವುದು ನನಗೆ ಕಾಣುತ್ತಿತ್ತು.

ಒಂದು ವಾರ ಗಡಿಯಾರ ಹಿಡಿದು ಸಾಲಿನ ತುದಿಯಲ್ಲಿ ನಿಂತೆ. ಯಾವ ಮಷೀನು ಎಷ್ಟು ನಿಮಿಷ ಓಡಿತು, ಯಾವಾಗ ಬೆಲ್ಟ್ ಜಾರಿತು, ಹತ್ತಿ ತಂದು ಹಾಕುವುದು ಎಷ್ಟು ತಡವಾಯಿತು, ಎಲ್ಲವನ್ನೂ ಒಂದು ದೊಡ್ಡ ಹಾಳೆಯಲ್ಲಿ ಮನೆ ಹಾಕಿ ಬರೆದೆ. ನಿಂತ ಎರಡು ಮಷೀನುಗಳ ಮುಂದೆ ಕೆಲಸ ಸೊನ್ನೆ. ಅವುಗಳ ಇಬ್ಬರು ಹೆಣ್ಣುಮಕ್ಕಳ ಮುಂದೆಯೂ ಸೊನ್ನೆ. ಅವರು ಅಂಗಳದಲ್ಲಿ ಹತ್ತಿಯ ರಾಶಿಯ ಹತ್ತಿರ ಕೂತು ಮಾತಾಡುತ್ತಿರುವುದನ್ನು ನಾನು ದೂರದಿಂದ ಕಂಡಿದ್ದೆ, ಅಷ್ಟು ಸಾಕಾಯಿತು. ಗಿರಣಿಯ ಆರನೇ ಒಂದು ಪಾಲು ಪ್ರತಿದಿನ ಮಲಗಿರುತ್ತದೆ ಎಂದು ಸಾವಕಾರರಿಗೆ ಹಾಳೆ ತೋರಿಸಿದೆ. ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಿಸ್ತ್ರಿಯ ಹಟಕ್ಕೆ ಇಷ್ಟು ವರ್ಷ ಸುಮ್ಮನಿದ್ದರು, ಅಷ್ಟೇ. ನೀನೇ ಹೇಳು ಎಂದು ನನ್ನ ಮೇಲೆ ಹಾಕಿ ನಕ್ಕರು.

ನಾನು ಮೂರ್ಖಳಲ್ಲ. ಸೋಮವಾರದ ಹೆಸರಿನಲ್ಲಿ ಅವರು ಆ ಮಷೀನುಗಳ ಮುಚ್ಚಳ ತೆಗೆದು ಗುಡಿಸುವುದು, ಬೇರಿಂಗಿಗೆ ಗ್ರೀಸ್ ತುಂಬುವುದು ಎಲ್ಲವನ್ನೂ ನೋಡಿದ್ದೆ. ಅದಕ್ಕೆಂದು ದಿನಾ ಬೆಳಿಗ್ಗೆ ಗಿರಣಿ ಶುರುವಾಗುವ ಮೊದಲು ಅರ್ಧ ತಾಸು ಇಟ್ಟೆ. ಹನ್ನೆರಡಕ್ಕೂ ದಿನಾ ಗ್ರೀಸ್, ದಿನಾ ಗುಡಿಸುವುದು. ಅವರು ವಾರಕ್ಕೊಮ್ಮೆ ಮಾಡುತ್ತಿದ್ದುದನ್ನು ನಾನು ದಿನಕ್ಕೊಮ್ಮೆ ಮಾಡಿಸಿದೆ. ಯಾರು ಬೇಕಾದರೂ ನೋಡಲಿ, ಲೆಕ್ಕ ಸರಿಯಾಗಿಯೇ ಇತ್ತು. ಮಿಸ್ತ್ರಿಯ ಹತ್ತಿರ ವಾದಕ್ಕೆ ತಯಾರಾಗಿ ಹೋಗಿದ್ದೆ. ಅವರು ಹಾಳೆಯನ್ನು ದೂರ ಹಿಡಿದು ಓದಿದರು, ಆತ್ರಿ ಅಂದರು, ಎದ್ದು ಹೋಗಿ ಅವತ್ತಿನ ಎರಡು 'ಸೋ'ಗಳನ್ನು ಟವೆಲ್ಲಿನಿಂದ ಒರೆಸಿದರು. ವಾದ ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು.

ಮುಂದಿನ ಮೂರು ವಾರ ಹನ್ನೆರಡೂ ಓಡಿದವು. ಅರಳೆಯನ್ನು ಒತ್ತಿ ಕಟ್ಟಿದ ಬೇಲುಗಳು ಪ್ರೆಸ್ಸಿನ ಕೋಣೆಯಿಂದ ಹೊರಗೆ ಬಂದು ಪಡಸಾಲೆ ತುಂಬಿದವು. ಟ್ರ್ಯಾಕ್ಟರುಗಳು ಬಂದ ದಿನವೇ ಖಾಲಿಯಾಗಿ ಹೋಗತೊಡಗಿದವು. ಸಾವಕಾರರು ಗಿರಣಿಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಹಾಳೆಯ ಫೋಟೋ ಹಾಕಿ ಕೈಮುಗಿಯುವ ಚಿತ್ರ ಇಟ್ಟರು. ತೂಕದ ಕಟ್ಟೆಯ ಗಂಡಸರು ಈಗ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಖುಷಿಯ ಒಳಗೆ ಏನೋ ಚುಚ್ಚುತ್ತಿತ್ತು. ಮಿಸ್ತ್ರಿ ಮೊದಲಿನಂತೆ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಲಿನುದ್ದಕ್ಕೂ ನಡೆಯುವುದು, ಒಂದೊಂದು ಬೇರಿಂಗಿನ ಮೇಲೂ ಮುಂಗೈ ಇಟ್ಟು ಬಿಸಿ ನೋಡುವುದು, ತಲೆ ವಾರೆ ಮಾಡಿ ಸದ್ದು ಕೇಳುವುದು. ನನ್ನನ್ನು ತಪ್ಪಿನಲ್ಲಿ ಹಿಡಿಯಲು ಕಾಯುತ್ತಿದ್ದಾರೆ ಎಂದೇ ನಾನು ತಿಳಿದೆ. ಎರಡನೇ ವಾರದ ಹೊತ್ತಿಗೆ ಅವರು ಹೋದ ಮೇಲೆ ನಾನೂ ಹೋಗಿ ಅದೇ ಬೇರಿಂಗ್ ಮುಟ್ಟಿ ನೋಡತೊಡಗಿದೆ. ಎಲ್ಲವೂ ತಣ್ಣಗಿರುತ್ತಿದ್ದವು. ಆದರೂ ಸದ್ದು ಚೂರು ಬದಲಾದರೆ ಕೈಲಿದ್ದ ಕೆಲಸ ಬಿಟ್ಟು ಸಾಲಿನ ಕಡೆ ಓಡುತ್ತಿದ್ದೆ. ಹತ್ತಿ ಗಿರಣಿಯಲ್ಲಿ ಗಾಳಿಯೇ ಹತ್ತಿ. ಗೋಡೆ, ಜಂತಿ, ವೈರು, ಹೆಣ್ಣುಮಕ್ಕಳ ತಲೆಗೂದಲು, ಎಲ್ಲದರ ಮೇಲೂ ಬಿಳಿ ಪುಡಿ ಕೂತಿರುತ್ತದೆ. ಅಲ್ಲಿ ಒಂದು ಕಿಡಿ ಸಾಕು.

ಮೂರನೇ ವಾರದ ಕೊನೆಗೆ, ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಮಷೀನಿಗೆ ಬಂದು ಒಂದು ತಾಸು ಆಗಿತ್ತು. ನಾನು ಪ್ರೆಸ್ಸಿನ ಕೋಣೆಯಲ್ಲಿದ್ದೆ. ಮೊದಲು ಮೂಗಿಗೆ ಬಂತು, ಬಟ್ಟೆ ಸುಟ್ಟ ವಾಸನೆ. ಓಡಿ ಬಂದರೆ ಏಳನೇ ಮಷೀನಿನ ಬಾಯಿಂದ ಹೊಗೆ. ಅದಕ್ಕೆ ಹತ್ತಿ ಉಣಿಸುತ್ತಿದ್ದ ಹೆಣ್ಣುಮಗಳು ದುಂಡಸಿಯವಳು, ಮೂವತ್ತೈದರ ಆಸುಪಾಸಿನವಳು, ಮಾತು ಕಡಿಮೆ. ಅವಳು ಓಡಿಹೋಗಿರಲಿಲ್ಲ. ಉರಿಯುತ್ತಿದ್ದ ಹತ್ತಿಯನ್ನು ಬರಿಗೈಯಿಂದ ಬಾಚಿ ಬಾಚಿ ಹಿಂದಿನ ಸಿಮೆಂಟ್ ನೆಲಕ್ಕೆ ಎಸೆಯುತ್ತಿದ್ದಳು, ಪಕ್ಕದ ಹತ್ತಿಯ ರಾಶಿಗೆ ತಗಲಬಾರದೆಂದು. ಮಿಸ್ತ್ರಿ ಎಲ್ಲಿದ್ದರೋ, ಮೇನ್ ಸ್ವಿಚ್ ಎಳೆದರು. ಹನ್ನೆರಡೂ ಮಷೀನುಗಳ ಸದ್ದು ಒಮ್ಮೆಲೇ ನಿಂತು, ಬೆಂಕಿಯ ಚಟಚಟ ಮಾತ್ರ ಕೇಳತೊಡಗಿತು. ಉಸುಕಿನ ಬಕೆಟ್ಟು, ನೀರಿನ ಪೈಪು, ಒದ್ದೆ ಗೋಣಿಚೀಲ. ಗೋಡೆಯ ಮೇಲಿನ ಹತ್ತಿಯ ಪುಡಿಯಲ್ಲಿ ಬೆಂಕಿ ಹಾವಿನ ಹಾಗೆ ಮೇಲಕ್ಕೆ ಹರಿದು ಜಂತಿಯ ಹತ್ತಿರ ಹೋಗಿ ಆರಿತು. ಅದು ಹೇಗೆ ಆರಿತೋ ಈಗಲೂ ನನಗೆ ತಿಳಿಯದು. ಅರ್ಧ ತಾಸಿನಲ್ಲಿ ಎಲ್ಲ ಮುಗಿಯಿತು. ಹೋದದ್ದು ಒಂದು ಮಷೀನು, ಸ್ವಲ್ಪ ಹತ್ತಿ, ಮತ್ತು ಆ ಹೆಣ್ಣುಮಗಳ ಬಲಗೈ. ಅಂಗೈ ಮತ್ತು ಬೆರಳುಗಳ ಒಳಭಾಗ ಬೆಂದು ಬೆಳ್ಳಗಾಗಿತ್ತು. ಸಾವಕಾರರ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವಳು ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಕೈಯನ್ನೇ ನೋಡುತ್ತಿದ್ದಳು.

ಸಂಜೆ ಬಿಸಿ ಆರಿದ ಮೇಲೆ ನಾನೊಬ್ಬಳೇ ಏಳನೇ ಮಷೀನನ್ನು ಬಿಚ್ಚಿದೆ. ಬೇರಿಂಗೇ ಇರಬೇಕು, ಅದೇ ಇರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಬೇರಿಂಗ್ ಕೆಟ್ಟಿದ್ದರೆ ಅದು ಗ್ರೀಸಿನ ತಪ್ಪು, ಗ್ರೀಸ್ ಹಾಕಿದವರ ತಪ್ಪು. ಬೇರಿಂಗ್ ಬೆರಳಿಗೆ ಸಲೀಸಾಗಿ ತಿರುಗಿತು. ಒಳಗೆ ಬೆಳಿಗ್ಗೆ ತುಂಬಿದ ಗ್ರೀಸ್ ಹಾಗೇ ಇತ್ತು. ಮಿಸ್ತ್ರಿ ತಮ್ಮ ಕೆಲಸ ಮಾಡಿದ್ದರು. ರೋಲರನ್ನು ಸರಿಸಿ ನೋಡಿದರೆ ಕಬ್ಬಿಣದ ಪಟ್ಟಿಯ ಅಂಚಿನಲ್ಲಿ ಹೊಸ ಕಚ್ಚು, ಅದರ ಬುಡದಲ್ಲಿ ಬೆರಳುದ್ದದ ಒಂದು ಮೊಳೆ, ಸೊಟ್ಟಾಗಿ ಒಂದು ಬದಿ ಫಳಫಳ ಹೊಳೆಯುತ್ತಿತ್ತು. ಟ್ರ್ಯಾಕ್ಟರ್ ಟ್ರೇಲರಿನ ಹಲಗೆಗೆ ಬಡಿಯುವಂಥ ಮೊಳೆ. ಹತ್ತಿಯ ಜೊತೆ ಒಳಗೆ ಹೋಗಿ, ಪಟ್ಟಿಗೆ ಬಡಿದು, ಕಿಡಿ ಹಾರಿಸಿತ್ತು. ಅದನ್ನು ತಂದು ಮೇಜಿನ ಡ್ರಾದಲ್ಲಿ ಹಾಕಿದೆ. ಮರುದಿನ ಎಲ್ಲರಿಗೂ ತೋರಿಸಬೇಕೆಂದೇ ಹಾಕಿದ್ದೆ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮರುದಿನ ಬೆಳಿಗ್ಗೆ ಸಾವಕಾರರು ನನ್ನನ್ನೂ ಮಿಸ್ತ್ರಿಯನ್ನೂ ಆಫೀಸಿಗೆ ಕರೆದರು. ರಾತ್ರಿಯೆಲ್ಲ ನಿದ್ದೆ ಇಲ್ಲದ ಮುಖ. ಹೆಣ್ಣುಮಗಳ ಮನೆಯವರು ಬರುವವರಿದ್ದರು, ಅವರಿಗೆ ಏನಾದರೂ ಹೇಳಬೇಕಿತ್ತು. ಹೇಗಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ ಕೈ ಮುಗಿದರು.

"ತಪ್ಪು ನಂದ್ರಿ, ಸಾವ್ಕಾರ್ರ. ಅದರ ಸೋಮವಾರ ತಪ್ಪಿಸಿದವ ನಾನ. ಬ್ಯಾಡ ಅಂತ ಒಂದ ಮಾತು ಹೇಳಬೇಕಿತ್ತು, ಹೇಳಲಿಲ್ಲ."

ಸೋಮವಾರದ ಮಾತು ಸಾವಕಾರರಿಗೆ ಬೇಕಿರಲಿಲ್ಲ. ತಪ್ಪು ಯಾರದೆಂದು ಬೇಕಿತ್ತು, ಒಬ್ಬರು ತಾವಾಗಿ ಒಪ್ಪಿಕೊಂಡಿದ್ದರು. ಇಷ್ಟು ವರ್ಷದ ಮಿಸ್ತ್ರಿ ಹಿಂಗ ಮಾಡಿದ್ರ ಹೆಂಗ ಎಂದು ಗೊಣಗಿದರು. ಸ್ವಲ್ಪ ದಿನ ಊರಿಗೆ ಹೋಗಿರು, ಹೇಳಿ ಕಳಿಸುತ್ತೇನೆ ಅಂದರು. ಹೇಳಿ ಕಳಿಸುತ್ತೇನೆ ಅಂದರೆ ಏನೆಂದು ಗಿರಣಿಯಲ್ಲಿ ಎಲ್ಲರಿಗೂ ಗೊತ್ತು. ಮೊಳೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಡ್ರಾದಲ್ಲಿತ್ತು. ಎದ್ದು ಹೋಗಿ ತರಲು ಒಂದು ನಿಮಿಷವೂ ಬೇಡ. ಆದರೆ ಮೊಳೆ ತೋರಿಸಿದರೆ ಅದು ಹೇಗೆ ಒಳಗೆ ಬಂತು ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಗೊತ್ತಾದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಅವರೇ ಒಪ್ಪಿಕೊಂಡರಲ್ಲ, ನಾನೇನು ಅವರ ಮೇಲೆ ಹೊರಿಸಿಲ್ಲವಲ್ಲ ಎಂದೂ ಅಂದುಕೊಂಡೆ. ಮಿಸ್ತ್ರಿ ಕೋಣೆಗೆ ಹೋಗಿ ಹಾಸಿಗೆ ಸುತ್ತಿಕೊಂಡು ಶಿಗ್ಗಾಂವಿಯ ಬಸ್ಸು ಹತ್ತಿದರು. ನಾನು ಗೇಟಿನವರೆಗೂ ಹೋಗಲಿಲ್ಲ.

ಉತ್ತರ ಗೊತ್ತಾಗಲು ಎರಡು ದಿನವೂ ಬೇಕಾಗಲಿಲ್ಲ. ಊಟದ ಹೊತ್ತಿಗೆ ಹೆಣ್ಣುಮಕ್ಕಳ ಜೊತೆ ಕೂತು, ಹತ್ತಿಯಲ್ಲಿ ಕಸ ಜಾಸ್ತಿ ಬರುತ್ತಿದೆಯೇ ಎಂದು ಸುತ್ತಿ ಬಳಸಿ ಕೇಳಿದೆ. ಒಬ್ಬಾಕೆ ಎದ್ದು ಹೋಗಿ ಗೋಡೆಯ ಮೂಲೆಯಿಂದ ಒಂದು ಹಳೆಯ ಎಣ್ಣೆಯ ಡಬ್ಬಿ ತಂದು ನನ್ನ ಮುಂದೆ ಸುರಿದಳು. ಮೊಳೆ, ಕಲ್ಲು, ಕುಡುಗೋಲಿನ ತುದಿ, ನಟ್ಟು, ಒಂದು ಮಗುವಿನ ಕಾಲ್ಗಡಗದ ತುಂಡು. ಟ್ರೇಲರಿನ ತಳದ ಹತ್ತಿ ಯಾವಾಗಲೂ ಹೊಲಸು, ಭಾರದ್ದೆಲ್ಲ ಕೆಳಗೆ ಇಳಿದಿರುತ್ತದೆ. ಮಷೀನು ನಿಂತ ದಿನ ಅದರ ಹೆಣ್ಣುಮಗಳು ಅಂಗಳಕ್ಕೆ ಹೋಗಿ ಆ ತಳದ ಹತ್ತಿಯನ್ನು ಬೇರೆ ಮಾಡಿ ಕೈಯಿಂದ ಆರಿಸುತ್ತಿದ್ದಳಂತೆ. ಯಾರು ಹೇಳಿದ್ದರು ಎಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಸುಮ್ಮನೆ ಕೂತರೆ ಸಾವಕಾರರು ಬೈಯುತ್ತಾರೆಂದು ಅವರೇ ಹುಡುಕಿಕೊಂಡ ಕೆಲಸ. ಮಿಸ್ತ್ರಿಗೆ ಕೂಡ ಅದು ಗೊತ್ತಿರಲಿಲ್ಲ, ಅವರ ಗಮನವೆಲ್ಲ ಮಷೀನಿನ ಕಡೆ. ನನ್ನ ಹಾಳೆ ಬಂದ ದಿನದಿಂದ ಆರಿಸುವವರು ಯಾರೂ ಇರಲಿಲ್ಲ. ತಳದ ಹತ್ತಿಯೂ ಮೇಲಿನ ಹತ್ತಿಯೂ ಒಂದೇ ಬುಟ್ಟಿಯಲ್ಲಿ ಮಷೀನಿಗೆ ಹೋದವು. ನಾನು ಸೊನ್ನೆ ಎಂದು ಬರೆದಿದ್ದ ಇಬ್ಬರು ಹೆಣ್ಣುಮಕ್ಕಳು ದಿನಾ ಗಿರಣಿಯನ್ನು ಉಳಿಸುತ್ತಿದ್ದರು.

ಊಟ ಅಲ್ಲಿಗೇ ಬಿಟ್ಟು ಎದ್ದೆ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಲಿಗೆ ಹಿಂಜರಿಯುತ್ತದೆ. ಮರುದಿನದಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ತಳದ ಹತ್ತಿ ಆರಿಸಲು ಕೂರಿಸಿದೆ. ಅವರಿಲ್ಲದೆ ಎರಡು ಮಷೀನು ನಿಲ್ಲಲೇಬೇಕು, ನಿಂತವು. ಹಾಳೆಯಲ್ಲಿ ಅದಕ್ಕೆ 'ಯೋಜಿತ ನಿಲುಗಡೆ' ಎಂದು ಹೆಸರಿಟ್ಟೆ. ಸಾವಕಾರರು ಕೇಳಿದಾಗ ಬೆಂಕಿಯ ನಂತರದ ಸುರಕ್ಷತಾ ಕ್ರಮ ಅಂದೆ. ಅವರು ನನ್ನ ಜಾಗರೂಕತೆಯನ್ನು ಮೆಚ್ಚಿಕೊಂಡರು. ಕೆಲಸವನ್ನೆಲ್ಲ ಸರಿಪಡಿಸಿದೆ, ಬಾಯಿ ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಸ್ಕೂಟಿ ನಿಲ್ಲಿಸುವಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುವುದು, ಸಂಜೆ ಡ್ರಾ ಬೀಗ ಹಾಕುವಾಗ ನಾಳೆ ಅಂದುಕೊಳ್ಳುವುದು. ಹೇಳಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಣ್ಣುಮಗಳೊಬ್ಬಳನ್ನು ಮಷೀನಿನ ಮೇಲೆ ಕೂರಿಸಿದ್ದಕ್ಕೆ ಗಿರಣಿ ಸುಡುತ್ತಿತ್ತು ಎಂದು ತೂಕದ ಕಟ್ಟೆಯಿಂದ ಹಾನಗಲ್‌ವರೆಗೆ ಮಾತು ಹೋಗುತ್ತದೆ. ಇನ್ನು ಯಾವ ಗಿರಣಿಯವರೂ ನನ್ನನ್ನು ಒಳಗೆ ಬಿಡುವುದಿಲ್ಲ. ಮಿಸ್ತ್ರಿಗಾದರೋ ಊರಲ್ಲಿ ಹೊಲ ಇದೆ, ಮನೆ ಇದೆ, ವಯಸ್ಸೂ ಆಗಿದೆ, ಒಂದು ಸೀಜನ್ ಮನೆಯಲ್ಲಿದ್ದರೆ ಏನು ಮುಳುಗಿಹೋಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾರಾದರೂ ಆಫೀಸಿನ ಬಾಗಿಲು ದೂಡಿದರೆ ಸಾಕು, ಕೈ ತಾನಾಗಿ ಡ್ರಾದ ಮೇಲೆ ಹೋಗುತ್ತಿತ್ತು.

ಒಂಬತ್ತನೇ ದಿನ ದುಂಡಸಿಯ ಹೆಣ್ಣುಮಗಳು ಬಂದಳು. ಕೈಗೆ ಮೊಣಕೈವರೆಗೆ ಬಿಳಿ ಪಟ್ಟಿ. ಅವತ್ತು ಬಿಟ್ಟುಹೋಗಿದ್ದ ಬುತ್ತಿಯ ಡಬ್ಬಿ ತೆಗೆದುಕೊಂಡು ಹೋಗಲು ಬಂದೆ ಅಂದಳಂತೆ. ಮಿಸ್ತ್ರಿ ಎಲ್ಲಿ, ನೋಡಲಿಕ್ಕೆ ಒಂದು ಸಲವೂ ಬರಲಿಲ್ಲವಲ್ಲ ಎಂದು ಉಳಿದವರನ್ನು ಕೇಳಿದಾಗ ಅವರು ನಡೆದದ್ದನ್ನು ಹೇಳಿದ್ದಾರೆ. ಅವಳು ಡಬ್ಬಿ ಅಲ್ಲೇ ಇಟ್ಟು ನೇರ ನನ್ನ ಮೇಜಿಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

"ಟಕ್ ಅಂದಿದ್ದು ನಾ ಕೇಳೇನಿ. ಬೇರಿಂಗ ಸುಟ್ರ ಟಕ್ ಅನ್ನೂದಿಲ್ರಿ. ಅದರಾಗ ಏನೋ ಸಿಕ್ಕಿತ್ತು. ನೀವ ಬಿಚ್ಚಿ ನೋಡಿದ್ರಂತ, ನಿಮಗ ಗೊತ್ತಿದ್ದಿಲ್ಲೇನು?"

ನನ್ನ ಕೈ ಡ್ರಾದ ಮೇಲಿತ್ತು. ಅವಳು ಅದನ್ನು ನೋಡಿದಳು.

"ಸಾವ್ಕಾರ್ರಿಗೆ ನೀವ ಹೇಳ್ತೀರೋ, ನಾ ಹೇಳ್ಲಿ?"

ಹಾಗಾಗಿ ನಾನು ಹೇಳಿದ್ದು ನನ್ನ ದೊಡ್ಡತನದಿಂದ ಅಲ್ಲ. ಅವಳು ಬಾಗಿಲಲ್ಲಿ ನಿಂತಿದ್ದಳು, ಬೇರೆ ದಾರಿ ಇರಲಿಲ್ಲ. ಸಾವಕಾರರ ಮುಂದೆ ಮೊಳೆ ಇಟ್ಟು ಎಲ್ಲವನ್ನೂ ಹೇಳಿದೆ. ತಳದ ಹತ್ತಿ, ಡಬ್ಬಿ, ನನ್ನ ಹಾಳೆಯ ಸೊನ್ನೆ. ಅವರು ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಬೈಗುಳಕ್ಕೆ ನಾನು ತಲೆ ತಗ್ಗಿಸಿ ನಿಂತೆ. ಮೊದಲೇ ಹೇಳಬೇಕಿತ್ತು ಅಂದರು. ಇನ್ನು ಮುಂದೆ ಏನಿದ್ದರೂ ಅವತ್ತೇ ಹೇಳು ಅಂದರು. ಆಮೇಲೆ, ಆತು ಬಿಡು ತಂಗಿ, ಮಿಸ್ತ್ರಿಗೆ ಫೋನ್ ಹಚ್ಚಿ ಬಾ ಅನ್ನು ಎಂದು ಹೇಳಿ ಪ್ರೆಸ್ಸಿನವನ ಜೊತೆ ಮಾತಿಗೆ ತೊಡಗಿದರು. ಅಷ್ಟೇ. ಒಂಬತ್ತು ದಿನ ನಾನು ಹೆದರಿ ಸತ್ತದ್ದು ಇಷ್ಟಕ್ಕೆ. ನಗು ಬರಬೇಕಿತ್ತು, ಬರಲಿಲ್ಲ.

ಮಿಸ್ತ್ರಿಯ ಫೋನ್ ಬಂದ್ ಇತ್ತು. ಎರಡು ಸಲ ಮಾಡಿ, ಮೊಳೆಯನ್ನು ಪರ್ಸಿಗೆ ಹಾಕಿಕೊಂಡು ಸ್ಕೂಟಿ ಹತ್ತಿದೆ. ಒಳರಸ್ತೆಗಳನ್ನು ಕೇಳುತ್ತ ಕೇಳುತ್ತ ಆಡೂರು ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಶಾಸನದ ಕಲ್ಲುಗಳಿರುವ ಗುಡಿಯ ಹತ್ತಿರ ನಿಂತಿದ್ದವರು ಮನೆ ತೋರಿಸಿದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಅವರು ಸಿಟ್ಟಾಗುತ್ತಾರೆ, ಆಗಲಿ. ಕೆಲಸ ಕಳೆದುಕೊಂಡವರು ಸಿಟ್ಟಾಗುವುದು ನ್ಯಾಯ. ಬೈಯಲಿ, ಆಮೇಲೆ ಕೆಲಸ ತಿರುಗಿ ಸಿಕ್ಕಿದೆ ಎಂದು ಹೇಳಿದರೆ ತಣ್ಣಗಾಗುತ್ತಾರೆ ಎಂಬ ಲೆಕ್ಕ ನನ್ನದು.

ಮಿಸ್ತ್ರಿ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ಗಡ್ಡ ಬೆಳೆದಿತ್ತು. ಹಣೆಯ ಮೇಲೆ ವಿಭೂತಿ ಇರಲಿಲ್ಲ, ಅದಿಲ್ಲದೆ ನಾನು ಅವರನ್ನು ನೋಡಿದ್ದು ಅದೇ ಮೊದಲು. ನನ್ನನ್ನು ಕಂಡು ಎದ್ದು, ಬರ್ರಿ, ಕುಂದರ್ರಿ ಅಂದರು. ಅವರ ಹೆಂಡತಿ ನೀರು, ಬೆಲ್ಲ ತಂದಿಟ್ಟರು. ನಾನು ನೀರು ಕುಡಿಯದೆ ಹೇಳಿಬಿಟ್ಟೆ. ಬೇರಿಂಗಿನಲ್ಲಿ ಗ್ರೀಸ್ ಇತ್ತು. ಬೆಂಕಿ ಬಂದದ್ದು ಮೊಳೆಯಿಂದ. ಮೊಳೆ ಬಂದದ್ದು ತಳದ ಹತ್ತಿಯಿಂದ, ಅದನ್ನು ಆರಿಸುವವರನ್ನು ಎಬ್ಬಿಸಿದ್ದು ನನ್ನ ಹಾಳೆ. ಮಷೀನಿಗೆ ರಜೆ ಇಲ್ಲದ್ದಕ್ಕೂ ಬೆಂಕಿಗೂ ಸಂಬಂಧವಿಲ್ಲ, ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಸಾವಕಾರರು ಬಾ ಅಂದಿದ್ದಾರೆ.

ಅವರು ಕೆಲಸದ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೊದಲಿನದನ್ನು ಇನ್ನೊಮ್ಮೆ ಹೇಳಿಸಿದರು. ಮೊಳೆಯನ್ನು ಕೈಗೆ ತೆಗೆದುಕೊಂಡು ಹೊಳೆಯುವ ಬದಿಯನ್ನು ಹೆಬ್ಬೆರಳಿಂದ ಸವರಿ ನೋಡಿದರು. ನಂಬಿಕೆ ಬಂದ ಮೇಲೆ ಅವರ ಭುಜ ಇಳಿಯಿತು, ಉಸಿರು ಬಿಟ್ಟದ್ದು ಕೇಳಿಸಿತು. ಮೊಳೆಯನ್ನು ಕಟ್ಟೆಯ ಮೇಲಿಟ್ಟು ಕೇಳಿದರು.

"ನಿಮಗ ಯಾವಾಗ ಗೊತ್ತಾತ್ರಿ?"

"ಮೊಳೆ ಸಿಕ್ಕಿದ್ದು ಅವತ್ತ ಸಂಜಿಕ" ಅಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ದನಿ ಏರಲಿಲ್ಲ.

"ಒಂಬತ್ತು ದಿನ ಆತ್ರಿ, ಅಕ್ಕಾರ. ತುತ್ತು ಎತ್ತಿದ್ರ ಆಕಿ ಕೈ ಕಾಣ್ತಿತ್ತು. ಆ ಕೈ ನಾನ ಸುಟ್ಟೇನಿ ಅಂತ ತಿಳಕೊಂಡಿದ್ದೆ."

ಒಳಗಿನ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವತ್ತಿನಿಂದ ತಮ್ಮ ಗಂಡ ಸರಿಯಾಗಿ ಉಂಡಿಲ್ಲ, ಲಿಂಗಪೂಜೆಗೆ ಕೂರಲಿಲ್ಲ, ಆ ಹೆಣ್ಣುಮಗಳ ಊರಿಗೆ ಹೋಗಬೇಕೆಂದು ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಮುಖ ತೋರಿಸಲು ಧೈರ್ಯ ಸಾಲದೆ ತಿರುಗಿ ಬಂದರು ಎಂದು ಆಕೆಯೇ ಹೇಳಿದರು. ನಾನು ಅವರ ಕೆಲಸದ ಬಗ್ಗೆ ಯೋಚಿಸಿದ್ದೆ, ನನ್ನ ಕೆಲಸದ ಬಗ್ಗೆ ಯೋಚಿಸಿದ್ದೆ, ತೂಕದ ಕಟ್ಟೆಯ ಗಂಡಸರ ಬಗ್ಗೆಯೂ ಯೋಚಿಸಿದ್ದೆ. ಒಬ್ಬ ಮನುಷ್ಯ ಆಡೂರಿನಲ್ಲಿ ಕೂತು, ಒಬ್ಬ ಹೆಣ್ಣುಮಗಳ ಕೈ ಸುಟ್ಟೆನೆಂದು ದಿನಾ ಬೇಯುತ್ತಿರಬಹುದು ಎಂಬುದು ಆ ಒಂಬತ್ತು ದಿನದಲ್ಲಿ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ತಪ್ಪಾಯಿತು ಅಂದೆ. ಅದು ಅಲ್ಲಿ ಎಷ್ಟು ಚಿಕ್ಕ ಮಾತಾಗಿ ಕೇಳಿಸಿತೆಂದರೆ ಎರಡನೇ ಸಲ ಹೇಳಲಾಗಲಿಲ್ಲ.

ಮಿಸ್ತ್ರಿ ಎದ್ದು ಅಂಗಳಕ್ಕೆ ಹೋಗಿ ಕೈಕಾಲು ಮುಖ ತೊಳೆದು ಬಂದರು. ಒಳಗೆ ಹೋಗಿ ರೊಟ್ಟಿ ಹಾಕು ಅಂದದ್ದು ಕೇಳಿಸಿತು. ತಾಟು ಇಟ್ಟ ಸದ್ದು, ಪಲ್ಯದ ವಾಸನೆ. ನಮ್ಮ ಕಡೆ ಉಣ್ಣುವ ಹೊತ್ತಿಗೆ ಮನೆಗೆ ಬಂದವರನ್ನು, ವೈರಿಯಾದರೂ ಸರಿ, ಊಟಕ್ಕ ಏಳ್ರಿ ಅನ್ನದೆ ಬಿಡುವುದಿಲ್ಲ. ಅವರ ಹೆಂಡತಿ ಬಾಗಿಲಿಗೆ ಬಂದು ನನ್ನ ಕಡೆ ನೋಡಿದರು, ಹಿಂದೆ ತಿರುಗಿ ಗಂಡನ ಕಡೆ ನೋಡಿದರು. ಅವರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು, ಕರೆಯಲು ಹೇಳಲಿಲ್ಲ. ಆಕೆ ಒಳಗೆ ಹೋದರು. ಒಂದಾದ ಮೇಲೆ ಒಂದರಂತೆ ಮೂರು ರೊಟ್ಟಿ ಉಂಡರು ಮಿಸ್ತ್ರಿ, ಅವಸರವಿಲ್ಲದೆ. ಅವರು ಕೈ ತೊಳೆಯುವವರೆಗೆ ನಾನು ಕಟ್ಟೆಯ ಮೇಲೆ ಕೂತೇ ಇದ್ದೆ.